ಅಗ್ಗದ ಟ್ರೇಲರ್: ಎಲ್ಲಿ ಉಳಿಸಿದೆ, ಎಲ್ಲಿ ಕೈ ಬಿಚ್ಚಿದೆ

ಟೆಂಟು, ಹಾಸಿಗೆಯ ಸುರುಳಿಗಳು, ಒಲೆ, ನೀರಿನ ಕ್ಯಾನು, ಮಡಿಸುವ ಕುರ್ಚಿಗಳು ಎಲ್ಲವನ್ನೂ ತುಂಬಿದ ಮೇಲೆ ಸಣ್ಣ ಕಾರಿನಲ್ಲಿ ಮನುಷ್ಯರಿಗೆ ಜಾಗ ಉಳಿಯುವುದಿಲ್ಲ. ಮಾಡಿನ ಮೇಲೆ ಕ್ಯಾರಿಯರ್ ಹಾಕಿಸಬಹುದು. ಆದರೆ ಭಾರವೆಲ್ಲ ತಲೆಗೇರಿ ತಿರುವುಗಳಲ್ಲಿ ಕಾರು ವಾಲುತ್ತದೆ, ಗಾಳಿಯನ್ನು ಸೀಳಿಕೊಂಡು ಹೋಗಲು ಇಂಧನವೂ ಹೆಚ್ಚು ಬೇಕು. ಆದ್ದರಿಂದ ಶಿಬಿರದ ಸಾಮಾನಿಗೆಂದೇ ಒಂದು ಪುಟ್ಟ ಟ್ರೇಲರ್ ಕಟ್ಟಿಕೊಂಡೆ. ಖರ್ಚು ಕಡಿಮೆ ಇರಬೇಕೆಂಬುದು ಮೊದಲ ಷರತ್ತು. ಹಾಗೆಂದು ಎಲ್ಲದರಲ್ಲೂ ಕೈ ಹಿಡಿದರೆ ಆಗದು. ರಸ್ತೆಗೆ ತಾಗುವ ಭಾಗ, ಕಾರಿಗೆ ತಗುಲುವ ಭಾಗ, ಹಿಂದಿನಿಂದ ಬರುವವರಿಗೆ ಕಾಣುವ ದೀಪ, ಈ ಮೂರಕ್ಕೆ ಧಾರಾಳವಾಗಿ ಖರ್ಚು ಮಾಡಿದೆ, ಉಳಿತಾಯವೆಲ್ಲ ಪೆಟ್ಟಿಗೆಯಲ್ಲಿ.

ಉಕ್ಕು ಕತ್ತರಿಸುವ ಮುನ್ನ ಓದಬೇಕಾದದ್ದು ಕಾರಿನ ಕೈಪಿಡಿ. ಕಾರು ಎಷ್ಟು ಭಾರ ಎಳೆಯಬಲ್ಲದು, ಟ್ರೇಲರನ್ನು ಕಾರಿಗೆ ತಗುಲಿಸುವ ಕೊಂಡಿಯಾದ ಹಿಚ್‌ನ ಮೇಲೆ ಎಷ್ಟು ಭಾರ ಕೂರಬಹುದು ಎಂಬ ಎರಡೂ ಮಿತಿಗಳು ಅದರಲ್ಲಿರುತ್ತವೆ. ಮನೆಯಲ್ಲೇ ಕಟ್ಟಿದ ಟ್ರೇಲರ್‌ನ ನೋಂದಣಿ, ದೀಪ, ಅಗಲದ ನಿಯಮಗಳು ಊರೂರಿಗೆ ಬೇರೆ. ಅವನ್ನೂ ಮೊದಲೇ ವಿಚಾರಿಸಿಕೊಳ್ಳಿ. ಕಟ್ಟಿ ಮುಗಿಸಿದ ಮೇಲೆ ಕೇಳಲು ಹೋಗುವುದು ಜಾಣತನವಲ್ಲ.

ಅಳತೆಯನ್ನು ತೀರ್ಮಾನಿಸಿದ್ದು ನಾನಲ್ಲ, ಪ್ಲೈವುಡ್ ಹಾಳೆ. ಹಾಳೆ ಎಂಟು ಅಡಿ ಉದ್ದ, ನಾಲ್ಕು ಅಡಿ ಅಗಲ ಇರುತ್ತದೆ. ಮೊದಲ ಹಾಳೆಯಲ್ಲಿ ಐದು ಅಡಿ ಕತ್ತರಿಸಿದರೆ ತಳ ಸಿದ್ಧ. ಉಳಿದ ಮೂರು ಅಡಿಯ ತುಂಡನ್ನು ಸಮವಾಗಿ ಸೀಳಿದರೆ ಮುಂದಿನ ಮತ್ತು ಹಿಂದಿನ ಹಲಗೆಗಳು, ತಲಾ ಒಂದೂವರೆ ಅಡಿ ಎತ್ತರ. ಎರಡನೆಯ ಹಾಳೆಯಲ್ಲಿ ಎರಡೂ ಪಕ್ಕದ ಹಲಗೆಗಳು ಬಂದ ಮೇಲೂ ಒಳಗಿನ ಅಡ್ಡಗೋಡೆಗಳಿಗೆ ಸಾಕಷ್ಟು ಮರ ಉಳಿಯುತ್ತದೆ. ಗರಗಸದ ಬಾಯಿ ಪ್ರತಿ ಸೀಳಿಗೂ ಎರಡು ಮೂರು ಮಿಲಿಮೀಟರ್ ತಿನ್ನುತ್ತದೆ, ಎತ್ತರದ ಲೆಕ್ಕದಲ್ಲಿ ಅದನ್ನು ಕಳೆದುಕೊಳ್ಳಬೇಕು. ನಾನು ಬಳಸಿದ್ದು ನೀರು ತಡೆಯುವ ಅಂಟಿನ 12 ಮಿಲಿಮೀಟರ್ ಪ್ಲೈ. ಇನ್ನೂ ದೊಡ್ಡದು ಮಾಡಬಹುದಿತ್ತಲ್ಲ ಎಂದು ನೋಡಿದವರು ಕೇಳುತ್ತಾರೆ. ದೊಡ್ಡದು ಮಾಡಿದರೆ ದೊಡ್ಡದೂ ತುಂಬುತ್ತದೆ, ಆಮೇಲೆ ಅದನ್ನು ಎಳೆಯಬೇಕಾದದ್ದು ಅದೇ ಸಣ್ಣ ಕಾರು.

ಚೌಕಟ್ಟಿಗೆ 50 ಮಿಲಿಮೀಟರ್ ಚೌಕದ, 3 ಮಿಲಿಮೀಟರ್ ದಪ್ಪದ ಉಕ್ಕಿನ ಟ್ಯೂಬು ತಂದೆ. ಮೀಟರಿಗೆ ನಾಲ್ಕು ಕೆ.ಜಿ.ಗಿಂತ ಸ್ವಲ್ಪ ಹೆಚ್ಚು ತೂಗುತ್ತದೆ. ಎಲ್ ಆಕಾರದ ಆ್ಯಂಗಲ್ ಇನ್ನೂ ಅಗ್ಗ, ಆದರೆ ತಿರುಚುವ ಬಲಕ್ಕೆ ಅದು ಬೇಗ ಮಣಿಯುತ್ತದೆ. ಒಂದು ಚಕ್ರ ಗುಂಡಿಗೆ ಇಳಿದು ಇನ್ನೊಂದು ದಿಬ್ಬ ಹತ್ತಿದಾಗ ಚೌಕಟ್ಟಿಗೆ ಬೀಳುವುದು ತಿರುಚುವ ಬಲವೇ. ಅಲ್ಲಿ ನಾಲ್ಕೂ ಕಡೆ ಮುಚ್ಚಿದ ಟ್ಯೂಬಿಗೆ ಸಾಟಿ ಇಲ್ಲ. ಟ್ಯೂಬಿನ ತೊಂದರೆಯೆಂದರೆ ಒಳಗೆ ನೀರು ನಿಂತರೆ ತುಕ್ಕು ಹೊರಗೆ ಕಾಣುವುದೇ ಇಲ್ಲ. ತುದಿಗಳನ್ನು ಮುಚ್ಚಿ, ಕೆಳಮುಖದಲ್ಲಿ ನೀರು ಬಸಿಯಲು ಸಣ್ಣ ತೂತು ಕೊರೆಯಬೇಕು. ಸತು ಲೇಪಿಸಿದ ಟ್ಯೂಬಾದರೆ ಬೆಸುಗೆ ಹಾಕುವ ಜಾಗದಲ್ಲಿ ಲೇಪವನ್ನು ಉಜ್ಜಿ ತೆಗೆಯಲೇಬೇಕು, ಸತುವಿನ ಹೊಗೆ ಕುಡಿದರೆ ಜ್ವರ ಬರುತ್ತದೆ.

ಮೂಲೆಗಳಿಗೆ ಮೊದಲು ಚುಕ್ಕೆ ಬೆಸುಗೆಯನ್ನಷ್ಟೇ ಹಾಕಿ ಎರಡೂ ಕರ್ಣಗಳನ್ನು ಅಳೆದೆ. 1220ಕ್ಕೆ 1524 ಮಿಲಿಮೀಟರ್ ಚೌಕಟ್ಟಿನ ಕರ್ಣ 1952 ಬರಬೇಕು, ಎರಡೂ ಕಡೆ ಒಂದೇ ಇರಬೇಕು. ಪೂರ್ತಿ ಬೆಸುಗೆಗೆ ಕುಳಿತಾಗ ಒಂದೇ ಮೂಲೆಯನ್ನು ಮುಗಿಸಿಬಿಟ್ಟರೆ ಬಿಸಿಗೆ ಉಕ್ಕು ಒಂದು ಕಡೆಗೆ ಸೆಳೆಯುತ್ತದೆ. ಎದುರುಬದುರು ಮೂಲೆಗಳಿಗೆ ಸ್ವಲ್ಪ ಸ್ವಲ್ಪವೇ ಹಾಕುತ್ತ, ನಡುನಡುವೆ ಕರ್ಣ ಅಳೆಯುತ್ತ ಹೋದೆ. ಮೂಕಿ, ಅಂದರೆ ಪೆಟ್ಟಿಗೆಯಿಂದ ಕಾರಿನ ಕಡೆಗೆ ಚಾಚುವ ಟ್ಯೂಬು, ಚೌಕಟ್ಟಿಗೆ ಕೂಡುವಲ್ಲಿ ಟ್ಯೂಬಿಗೆ ಅಡ್ಡಲಾಗಿ ಬೆಸುಗೆ ಎಳೆಯಬಾರದು, ಅದರ ಉದ್ದಕ್ಕೂ ಎಳೆಯಬೇಕು. ಕುಲುಕಾಟದಲ್ಲಿ ಬಿರುಕು ಹುಟ್ಟುವುದು ಅಡ್ಡ ಬೆಸುಗೆಯ ಅಂಚಿನಲ್ಲೇ. ಪೆಟ್ಟಿಗೆಯ ಚೌಕಟ್ಟನ್ನು ನಾನೇ ಬೆಸೆದೆ. ಮೂಕಿಯನ್ನೂ ಸ್ಪ್ರಿಂಗ್ ಕೂರುವ ಕಿವಿಗಳನ್ನೂ ಚುಕ್ಕೆ ಹಾಕಿ ಜಾಗ ಗುರುತಿಸಿ, ಕೊನೆಯ ಬೆಸುಗೆಯನ್ನು ಕಸುಬುದಾರನ ಕೈಗೆ ಕೊಟ್ಟೆ. ಆ ಖರ್ಚಿನ ಬಗ್ಗೆ ನನಗೆ ಚಿಂತೆಯಿಲ್ಲ.

ಎರಡೂ ಚಕ್ರಗಳನ್ನು ಹೊರುವ ಅಚ್ಚು, ಅಂದರೆ ಆ್ಯಕ್ಸಲ್, ಸಿಕ್ಕಿದ್ದು ಗುಜರಿಯಲ್ಲಿ, ಹಳೆಯ ಸಣ್ಣ ಟ್ರೇಲರ್ ಒಂದರದು. ಬೇರಿಂಗ್ ಕೂರುವ ತುದಿಗಳ ಮೇಲೆ ಉಗುರು ಆಡಿಸಿ ನೋಡಿದೆ. ಉಗುರಿಗೆ ಗೆರೆ ಸಿಕ್ಕಿದ್ದರೆ ಬಿಟ್ಟು ಬರುತ್ತಿದ್ದೆ. ಕಬ್ಬಿಣ ಹಳೆಯದಾದರೂ ಬೇರಿಂಗ್, ಸೀಲು, ಗ್ರೀಸು ಎಲ್ಲ ಹೊಸದು. ಬೇರಿಂಗ್‌ಗೆ ಗ್ರೀಸನ್ನು ಮೇಲೆ ಸವರಿದರೆ ಸಾಲದು. ಅಂಗೈಯಲ್ಲಿ ಗ್ರೀಸು ಇಟ್ಟುಕೊಂಡು ಬೇರಿಂಗ್‌ನ ಅಗಲವಾದ ಅಂಚನ್ನು ಅದಕ್ಕೆ ಒತ್ತುತ್ತ ಹೋಗಬೇಕು, ಉರುಳೆಗಳ ಸಂದಿನಿಂದ ಗ್ರೀಸು ಆಚೆ ಕಡೆ ಹೊರಬರುವ ತನಕ. ಚಕ್ರದ ನಡುಗುಂಬವಾದ ಹಬ್ ಕೂರಿಸಿದ ಮೇಲೆ ಚಕ್ರ ತಿರುಗಿಸುತ್ತಲೇ ನಟ್ಟನ್ನು ಬಿಗಿದು, ಆಮೇಲೆ ಸಡಿಲಿಸಿ, ಕೊನೆಗೆ ಬರಿ ಬೆರಳಿನಲ್ಲಿ ಬಿಗಿಯುವಷ್ಟಕ್ಕೆ ತಂದು ಸೀಳುಪಿನ್ನು ತೊಡಿಸಿದೆ. ಬಿಗಿ ಹೆಚ್ಚಾದರೆ ಬೇರಿಂಗ್ ಸುಡುತ್ತದೆ. ಪ್ರಯಾಣದ ನಡುವೆ ನಿಂತಾಗ ಹಬ್‌ನ ಮೇಲೆ ಎಚ್ಚರಿಕೆಯಿಂದ ಕೈಯಿಟ್ಟು ನೋಡುವ ಅಭ್ಯಾಸ ಇಂದಿಗೂ ಇದೆ: ಬೆಚ್ಚಗಿದ್ದರೆ ಸರಿ, ಕೈ ಇಡಲಾಗದಿದ್ದರೆ ಮುಂದೆ ಹೋಗುವ ಮಾತಿಲ್ಲ.

ಚಕ್ರಗಳನ್ನು ಕಾರಿನ ಚಕ್ರದ ಅಳತೆಯವೇ, ಬೋಲ್ಟ್ ತೂತುಗಳು ಹೊಂದುವಂಥವೇ ಆರಿಸಿಕೊಂಡೆ. ಒಂದೇ ಸ್ಟೆಪ್ನಿ ಎರಡಕ್ಕೂ ಆಗುತ್ತದೆ. ಪುಟ್ಟ ಚಕ್ರಗಳು ಅಗ್ಗವಾದರೂ ಅಷ್ಟೇ ದೂರಕ್ಕೆ ಹೆಚ್ಚು ಸುತ್ತು ತಿರುಗಬೇಕು, ಗುಂಡಿಗೂ ಆಳವಾಗಿ ಇಳಿಯುತ್ತವೆ. ಸ್ಪ್ರಿಂಗ್ ಪಟ್ಟಿಗಳ ವಿಷಯದಲ್ಲಿ ‘ಗಟ್ಟಿಯಿದ್ದಷ್ಟೂ ಒಳ್ಳೆಯದು’ ಎಂಬ ಮಾತನ್ನು ನಂಬಬೇಡಿ. ಭಾರಕ್ಕೆ ಮೀರಿದ ಗಟ್ಟಿ ಸ್ಪ್ರಿಂಗ್ ಹಾಕಿದರೆ ಹಗುರ ಟ್ರೇಲರ್ ಚೆಂಡಿನಂತೆ ಪುಟಿಯುತ್ತದೆ, ಒಳಗಿನ ಪಾತ್ರೆಗಳೂ ಜೊತೆಗೆ. ಪಟ್ಟಿಯ ಮುಂದಿನ ತುದಿ ಅಲುಗದಂತೆ ಇರಬೇಕು, ಹಿಂದಿನ ತುದಿ ತೂಗುವ ಕೊಂಡಿಯಲ್ಲಿ ಇರಬೇಕು. ಭಾರ ಬಿದ್ದು ಚಪ್ಪಟೆಯಾದಾಗ ಪಟ್ಟಿ ಉದ್ದವಾಗುತ್ತದೆ, ಅದಕ್ಕೆ ಸರಿಯಲು ಜಾಗ ಬೇಕು.

ಇಡೀ ಕೆಲಸದಲ್ಲಿ ನಾನು ಹೆಚ್ಚು ಹೊತ್ತು ಕಳೆದದ್ದು ಆ್ಯಕ್ಸಲ್ ಎಲ್ಲಿ ಕೂರಬೇಕೆಂಬುದರ ಮೇಲೆ. ಹಿಂಭಾರವಾದ ಟ್ರೇಲರ್ ವೇಗ ಹೆಚ್ಚಿದಂತೆ ಅತ್ತಿತ್ತ ಬಾಲ ಬೀಸತೊಡಗುತ್ತದೆ, ಬೀಸು ಜೋರಾದರೆ ಕಾರನ್ನೂ ಎಳೆದುಕೊಂಡು ಹೋಗುತ್ತದೆ. ಸಾಮಾನು ತುಂಬಿದ ಒಟ್ಟು ತೂಕದ ಶೇ. 10ರಿಂದ 15ರಷ್ಟು ಮೂಕಿಯ ತುದಿಯ ಮೇಲೆ ಬೀಳಬೇಕು. ಹಾಗಾಗಲು ಆ್ಯಕ್ಸಲ್ ಪೆಟ್ಟಿಗೆಯ ನಡುವಿಗಿಂತ ಸ್ವಲ್ಪ ಹಿಂದೆ ಕೂರಬೇಕು. ನನ್ನ ಐದು ಅಡಿಯ ಪೆಟ್ಟಿಗೆಗೆ ಮುಂದಿನಿಂದ ಮೂರು ಅಡಿ ಎಂದು ಹಿಡಿದೆ. ಆದರೆ ಲೆಕ್ಕವನ್ನೇ ನೆಚ್ಚಿ ಬೆಸುಗೆ ಹಾಕಿಸಲಿಲ್ಲ. ಕಿವಿಗಳನ್ನು ಕ್ಲ್ಯಾಂಪಿನಲ್ಲಿ ಹಿಡಿಸಿ, ಶಿಬಿರದ ಸಾಮಾನನ್ನು ನಿಜವಾಗಿ ತುಂಬಿ, ಟ್ರೇಲರ್ ಮಟ್ಟವಾಗಿರುವಂತೆ ಮೂಕಿಯ ತುದಿಯನ್ನು ಮನುಷ್ಯರ ತೂಕ ನೋಡುವ ಮಾಪಕದ ಮೇಲೆ ಒಂದು ಮರದ ತುಂಡಿಟ್ಟು ಕೂರಿಸಿದೆ. ಒಟ್ಟು 400 ಕೆ.ಜಿ. ಆಗುವ ಟ್ರೇಲರ್‌ಗೆ ಮಾಪಕ 40ರಿಂದ 60 ತೋರಿಸಬೇಕು. ಕಡಿಮೆ ತೋರಿಸಿದರೆ ಆ್ಯಕ್ಸಲ್ ಹಿಂದಕ್ಕೆ, ಹೆಚ್ಚು ತೋರಿಸಿದರೆ ಮುಂದಕ್ಕೆ. ಕಾರಿನ ಕೈಪಿಡಿ ಹೇಳುವ ಹಿಚ್‌ನ ಮಿತಿಯನ್ನು ಮಾತ್ರ ಮೀರುವಂತಿಲ್ಲ. ಬೆಸುಗೆಗೆ ಮುನ್ನ ಹಿಚ್‌ನ ನಡುವಿನಿಂದ ಆ್ಯಕ್ಸಲ್‌ನ ಎರಡೂ ತುದಿಗಳಿಗೆ ಟೇಪು ಹಿಡಿದು ದೂರ ಸಮವಿದೆಯೇ ಎಂದು ನೋಡಿದೆ. ಇಲ್ಲದಿದ್ದರೆ ಟ್ರೇಲರ್ ಓರೆಯಾಗಿ ಸಾಗಿ ಟೈರು ಸವೆಸುತ್ತದೆ.

ಮೂಕಿ ತುಸು ಉದ್ದವಿರಲಿ. ಗಿಡ್ಡ ಟ್ರೇಲರ್‌ಗಳು ಹಿಂದಕ್ಕೆ ಬಿಡುವಾಗ ಕಣ್ಣು ಮಿಟುಕಿಸುವಷ್ಟರಲ್ಲಿ ಮಡಚಿಕೊಳ್ಳುತ್ತವೆ. ಸ್ಟೀರಿಂಗಿನ ಕೆಳಭಾಗವನ್ನು ಹಿಡಿದು, ಟ್ರೇಲರ್‌ನ ಹಿಂಭಾಗ ಯಾವ ಕಡೆ ಹೋಗಬೇಕೋ ಆ ಕಡೆಗೆ ಕೈ ಸರಿಸಿದರೆ ಗೊಂದಲ ಕಡಿಮೆ. ತೀರಾ ಇಕ್ಕಟ್ಟಾದರೆ ನಾನು ಬಿಚ್ಚಿ ಕೈಯಲ್ಲೇ ತಳ್ಳುತ್ತೇನೆ. ಸಣ್ಣದಾಗಿ ಕಟ್ಟಿದ ಲಾಭಗಳಲ್ಲಿ ಇದೂ ಒಂದು. ಹಿಚ್‌ನ ಕೆಳಗೆ ಸುರಕ್ಷಾ ಸರಪಳಿಗಳನ್ನು ಕತ್ತರಿ ಹಾಕಿದಂತೆ ಅಡ್ಡಹಾಯಿಸಿ ಕಟ್ಟಬೇಕು. ಹಿಚ್ ಕಳಚಿದರೂ ಮೂಕಿ ನೆಲಕ್ಕೆ ಬಡಿಯದೆ ಸರಪಳಿಯ ತೊಟ್ಟಿಲಿಗೆ ಬೀಳುತ್ತದೆ.

ದೀಪಗಳಿಗೆ ಎಲ್‌ಇಡಿ ಹಾಕಿದೆ. ಟ್ರೇಲರ್ ದೀಪ ಮಿಣುಕುತ್ತಿದೆ, ಎಡಕ್ಕೆ ಹಾಕಿದರೆ ಬಲದ್ದೂ ಹತ್ತುತ್ತಿದೆ ಎಂಬ ದೂರುಗಳ ಬುಡ ಹೆಚ್ಚಾಗಿ ಅರ್ಥಿಂಗಿನಲ್ಲಿರುತ್ತದೆ. ಚೌಕಟ್ಟೇ ಅರ್ಥ್ ಆಗಲಿ ಎಂದು ಬಿಟ್ಟರೆ ತುಕ್ಕು, ಬಣ್ಣ, ಹಿಚ್‌ನ ಗ್ರೀಸು ಎಲ್ಲವೂ ಅಡ್ಡ ಬರುತ್ತವೆ. ಪ್ರತಿ ದೀಪದಿಂದಲೂ ಪ್ಲಗ್ಗಿನ ತನಕ ಅರ್ಥ್‌ಗೆಂದೇ ತಂತಿ ಎಳೆದೆ. ತಂತಿ ಉಕ್ಕಿನ ತೂತು ದಾಟುವಲ್ಲೆಲ್ಲ ರಬ್ಬರ್ ಬಳೆ ತೊಡಿಸಿದೆ.

ಪೆಟ್ಟಿಗೆಗೆ ಬಣ್ಣ ಬಳಿಯುವಾಗ ಹಲಗೆಯ ಮುಖಕ್ಕಿಂತ ಅಂಚುಗಳಿಗೆ ಗಮನ ಕೊಡಿ. ಪ್ಲೈವುಡ್ ನೀರು ಕುಡಿಯುವುದು ಅಂಚಿನಿಂದ. ಮುಚ್ಚಳಕ್ಕೆ ಬದಲು ಟಾರ್ಪಾಲಿನ್ ಸಾಕಾಯಿತು, ಆದರೆ ನಡುವೆ ಉದ್ದಕ್ಕೆ ಒಂದು ಎತ್ತರದ ಪಟ್ಟಿ ಬೇಕು, ಇಲ್ಲದಿದ್ದರೆ ಮಳೆನೀರು ಹೊಂಡವಾಗಿ ನಿಲ್ಲುತ್ತದೆ. ಹಿಂದಿನ ಹಲಗೆಗೆ ಕೆಳಗೆ ತಿರುಗಣಿ, ಎರಡು ಬದಿಗೆ ಸರಪಳಿ ಹಾಕಿರುವುದರಿಂದ ತೆರೆದರೆ ಅದೇ ಅಡುಗೆಯ ಮೇಜು. ನೀರಿನ ಕ್ಯಾನುಗಳು ಆ್ಯಕ್ಸಲ್‌ನ ನೇರ ಮೇಲೆ ಕೂರುತ್ತವೆ, ಖಾಲಿಯಾದರೂ ಮೂಕಿಯ ಭಾರ ಅಷ್ಟಾಗಿ ಬದಲಾಗುವುದಿಲ್ಲ. ಟೆಂಟು ಎಲ್ಲಕ್ಕಿಂತ ಮೇಲೆ, ಮೊದಲು ಬೇಕಾಗುವುದು ಅದೇ. ಮರಳುವಾಗ ಅದು ಒದ್ದೆಯಾಗಿರುವುದೇ ಹೆಚ್ಚು, ಅದಕ್ಕೆಂದು ಅಡ್ಡಗೋಡೆಯ ಆಚೆ ಬಸಿತೂತು ಇರುವ ಒಂದು ಕೋಣೆ ಬಿಟ್ಟಿದ್ದೇನೆ.

ಹೊಸ ಟ್ರೇಲರ್‌ನ ಮೊದಲ ಓಟದಲ್ಲಿ 80 ಕಿಲೋಮೀಟರ್ ಆಗುವಷ್ಟರಲ್ಲಿ ನಿಲ್ಲಿಸಿ ಚಕ್ರದ ನಟ್‌ಗಳನ್ನೂ, ಆ್ಯಕ್ಸಲನ್ನು ಸ್ಪ್ರಿಂಗಿಗೆ ಕಟ್ಟಿರುವ ಯು ಬೋಲ್ಟ್‌ಗಳನ್ನೂ ಮತ್ತೆ ಬಿಗಿಯಬೇಕು. ಹೊಸ ಬಣ್ಣ, ಹೊಸ ಉಕ್ಕು ಒತ್ತಡಕ್ಕೆ ಸಿಕ್ಕಿ ಕೂರುವಾಗ ಬಿಗಿ ಸಡಿಲುತ್ತದೆ. ಆ ಅಳತೆಯ ಸ್ಪ್ಯಾನರನ್ನು ಟ್ರೇಲರ್‌ನ ಪೆಟ್ಟಿಗೆಯಲ್ಲಿ ಸಾಮಾನಿನ ಅಡಿಗೆ ಇಡಬೇಡಿ, ಕಾರಿನಲ್ಲೇ ಇಟ್ಟುಕೊಳ್ಳಿ.