ಸಣ್ಣ ಕಾರಲ್ಲಿ ಹಿತ್ತಲಿನ ಕಲ್ಲು-ಮಣ್ಣು ಸಾಗಿಸಿದ್ದು

ದಾವಣಗೆರೆಯ ನಮ್ಮ ಹಿತ್ತಲಲ್ಲಿ ಹಳೇ ಕಟ್ಟೆ ಒಡೆದ ಮೇಲೆ ಇಟ್ಟಿಗೆ ಚೂರು, ಎರೆಮಣ್ಣು ರಾಶಿ ಬಿತ್ತು. ಸಿಮೆಂಟ್ ಚೀಲಕ್ಕೆ ತುಂಬಿ ಡಿಕ್ಕಿಗೆ ಹಾಕಿದರೆ ಕಾರಿನ ಹಿಂಭಾಗ ಕುಸಿದು ಹಂಪಿನಲ್ಲಿ ತಳ ಉಜ್ಜುತ್ತಿತ್ತು. ಅರ್ಧ ಚೀಲ ಮಾಡಿದರೂ ಅಷ್ಟೇ. ಟೈರಿಗೆ ಸುಮ್ನೆ ಗಾಳಿ ಜಾಸ್ತಿ ಮಾಡಿದರೂ ಕುಸಿತ ನಿಲ್ಲಲಿಲ್ಲ. ಕಸದ ಗಾಡಿಯವರು ಕಲ್ಲು ಮುಟ್ಟಲಿಲ್ಲ.

ಕೆಲಸ ಮಾಡಿದ್ದು ಇದು. ರಾಶಿಯನ್ನು ಬಿಸಿಲಿಗೆ ಹರಡಿ ಒಣಗಿಸಿದೆ. ಎರೆಮಣ್ಣು ನೀರು ಹಿಡಿದುಕೊಳ್ಳುತ್ತದೆ, ಆ ನೀರಿನ ಭಾರವೂ ಸೇರುತ್ತೆ ಅಲ್ವಾ? ಜರಡಿ ಹಿಡಿದು ಮಣ್ಣನ್ನು ಗಿಡದ ಪಾತಿಗೇ ಹಾಕಿದೆ. ಉಳಿದ ಚೂರನ್ನು ಚೀಲಕ್ಕೆ 15 ಕೆಜಿಯಂತೆ ತೂಗಿ ಕಟ್ಟಿದೆ. ಒಂದು ಸಲಕ್ಕೆ 10 ಚೀಲ, ಕಾರಲ್ಲಿ ನಾನೊಬ್ಬನೇ. ಮೊದಲು ಮುಂದಿನ ಸೀಟುಗಳ ಹಿಂದೆ, ಕಾಲಿಡುವ ಜಾಗದಲ್ಲಿ 6. ಆಮೇಲೆ ಡಿಕ್ಕಿಯಲ್ಲಿ ಸೀಟಿಗೆ ಒತ್ತಿ 4. ಟೈರಿಗೆ, ಡ್ರೈವರ್ ಬಾಗಿಲ ಹತ್ತಿರದ ಚೀಟಿಯಲ್ಲಿ ಪೂರ್ತಿ ಲೋಡಿಗೆ ಬರೆದಷ್ಟೇ ಗಾಳಿ. ಸುರಿಯುವ ಜಾಗ ಪಾಲಿಕೆಯಲ್ಲಿ ಮೊದಲೇ ಕೇಳಿಕೊಳ್ಳಿ. ಚರಂಡಿ ಪಕ್ಕ ಬೇಡವೇ ಬೇಡ.