ಬೂತಾಯಿ ಎಣ್ಣೆಯಲ್ಲಿ ಓಡಿದ ಪಂಪ್‌ಸೆಟ್

ಬೂತಾಯಿ, ಅಂದರೆ ಸಾರ್ಡೀನ್ ಮೀನಿನ ಎಣ್ಣೆಯಿಂದ ಮಾಡಿದ ಬಯೋಡೀಸೆಲ್ ಹಾಕಿದರೆ ಎಂಜಿನ್ ಒಂದು ಬೇಸಿಗೆಯನ್ನೂ ದಾಟುವುದಿಲ್ಲ ಎಂದು ಮಲ್ಪೆಯ ಇಬ್ಬರು ಮೆಕ್ಯಾನಿಕ್‌ಗಳು ಹೇಳಿದ್ದರು. ನನ್ನ ತೋಟದ 5 ಅಶ್ವಶಕ್ತಿಯ ಪಂಪ್‌ಸೆಟ್ ಈಗ ಮೂರನೆಯ ಬೇಸಿಗೆಯನ್ನು ಮುಗಿಸಿದೆ.

ಮೀನುಪುಡಿ ಕಾರ್ಖಾನೆಯ ಒಳ್ಳೆಯ ಬೂತಾಯಿ ಎಣ್ಣೆ ಸಿಗಡಿ ಆಹಾರ ಮಾಡುವವರಿಗೆ ಹೋಗುತ್ತದೆ. ಆ ಬೆಲೆಗೆ ಕೊಂಡರೆ ಡೀಸೆಲ್ಲೇ ಅಗ್ಗ. ನಮ್ಮ ಪಾಲಿಗೆ ಉಳಿಯುವುದು ಹುಳಿ ಹೆಚ್ಚಿದ ಕಪ್ಪು ಎಣ್ಣೆ. ಮೊದಲ ಸಲ ಅಂಥ 50 ಲೀಟರ್ ತಂದು, ಸೂರ್ಯಕಾಂತಿ ಎಣ್ಣೆಗೆ ಮಾಡುವಂತೆ ನೇರವಾಗಿ ಮೆಥನಾಲ್ ಮತ್ತು ಕಾಸ್ಟಿಕ್ ಪೊಟ್ಯಾಷ್ (ಗೊಬ್ಬರದ್ದಲ್ಲ, ಕ್ಷಾರ) ಸುರಿದೆ. ಇಡೀ ಡ್ರಮ್ ಸಾಬೂನಿನ ಗಂಜಿಯಾಗಿ, ಹಾಕಿದ ಹಣವೆಲ್ಲ ನೀರುಪಾಲಾಯಿತು. ಆಮೇಲೆ ಟೈಟ್ರೇಷನ್ (ಕ್ಷಾರ ಹನಿಸಿ ಹುಳಿ ಅಳೆಯುವ ಪರೀಕ್ಷೆ) ಮಾಡಿದಾಗ, ಪೊಟ್ಯಾಷ್ ಜೊತೆ ಸೇರಿ ಸಾಬೂನಾಗುವ ಬಿಡಿ ಕೊಬ್ಬಿನಾಮ್ಲ ಶೇ. 8ರ ಆಸುಪಾಸಿನಲ್ಲಿತ್ತು. ಈಗ ಎಣ್ಣೆಯನ್ನು 110 ಡಿಗ್ರಿಗೆ ಕಾಯಿಸಿ ನೀರು ಓಡಿಸಿ, ಆರಿಸಿ, ಗಂಧಕಾಮ್ಲ ಮತ್ತು ಮೆಥನಾಲ್ ಜೊತೆ 60 ಡಿಗ್ರಿಯಲ್ಲಿ ಎರಡು ಗಂಟೆ ಕಲಕಿ, ಆಮ್ಲ ಶೇ. 1ಕ್ಕೆ ಇಳಿದ ಮೇಲಷ್ಟೇ ಪೊಟ್ಯಾಷ್ ಮುಟ್ಟುತ್ತೇನೆ. ತಯಾರಾದ 3 ಎಂಎಲ್ ಇಂಧನವನ್ನು 27 ಎಂಎಲ್ ಮೆಥನಾಲ್‌ಗೆ ಹಾಕಿದಾಗ ತಳದಲ್ಲಿ ಬದಲಾಗದ ಎಣ್ಣೆಯ ಹನಿ ನಿಲ್ಲದಿದ್ದರೆ ಮಾತ್ರ ಅದನ್ನು ನೀರಿನಲ್ಲಿ ತೊಳೆಯುವ ಕೆಲಸ.

ಎರಡನೆಯ ಪೆಟ್ಟು ದೊಡ್ಡದು. ಹೀಗೆ ಮಾಡಿದ ಬಯೋಡೀಸೆಲ್‌ನಲ್ಲಿ ಉಳಿದ 40 ಲೀಟರನ್ನು ಹಿತ್ತಾಳೆ ನಲ್ಲಿಯ ಡ್ರಮ್‌ನಲ್ಲಿ ಮಳೆಗಾಲವಿಡೀ ಇಟ್ಟಿದ್ದೆ. ಅದನ್ನು ಹಾಕಿದ ಮೂರನೆಯ ದಿನ ಫಿಲ್ಟರ್ ಕಟ್ಟಿ, ನಾಜಲ್ ಅಂಟಿ, ರಿಪೇರಿಗೆ ನಾಲ್ಕು ಸಾವಿರ ತೆತ್ತೆ. ಮೀನೆಣ್ಣೆಯ ಕೊಬ್ಬಿನಾಮ್ಲಗಳಲ್ಲಿ ದ್ವಿಬಂಧಗಳು (ಗಾಳಿಯ ಆಮ್ಲಜನಕ ಬೇಗ ಹಿಡಿಯುವ ಜಾಗಗಳು) ಬಹಳವಾದ್ದರಿಂದ ಗಾಳಿ ತಗುಲಿದರೆ ಅದು ಅಂಟಾಗುತ್ತದೆ. ತಾಮ್ರ, ಹಿತ್ತಾಳೆ ಅದನ್ನು ಇನ್ನಷ್ಟು ಬೇಗ ಕೆಡಿಸುತ್ತವೆ. ಹಾಗಾಗಿ ಇಪ್ಪತ್ತು ದಿನಕ್ಕಾಗುವಷ್ಟೇ ಮಾಡಿ, ಕ್ಯಾನಿನ ಬಾಯಿಯವರೆಗೆ ತುಂಬಿಸಿ ಮುಚ್ಚಿ, ಡೀಸೆಲ್‌ಗೆ ಶೇ. 20ರಷ್ಟು ಬೆರೆಸುತ್ತೇನೆ. ಬಯೋಡೀಸೆಲ್‌ಗೆ ತಾಳದ ರಬ್ಬರ್ ಪೈಪ್‌ಗಳನ್ನು ಆಗಲೇ ಬದಲಿಸಿದ್ದೆ.

ನಡುವೆ ಹೊಂಗೆ ಎಣ್ಣೆಯ ಬಯೋಡೀಸೆಲನ್ನು ಅರ್ಧಕ್ಕರ್ಧ ಸೇರಿಸಿ ನೋಡಿದೆ: ಎರಡು ತಿಂಗಳಾದರೂ ಅಂಟು ಕಾಣಲಿಲ್ಲ, ಆದರೆ ಹೊಂಗೆ ಬೀಜ ಕೊಂಡು ಗಾಣಕ್ಕೆ ಹಾಕಿಸಿದ ಖರ್ಚು ಲೆಕ್ಕವನ್ನೇ ತಲೆಕೆಳಗು ಮಾಡಿತು. ಬಯೋಡೀಸೆಲ್ ಮಾಡುವಾಗ ತಳದಲ್ಲಿ ಉಳಿಯುವ ಗ್ಲಿಸರಿನ್‌ನಿಂದ ಮಾಡಿದ ಸಾಬೂನಿನ ಮೀನಿನ ವಾಸನೆ ನಿಂಬೆಹುಲ್ಲಿನ ಎಣ್ಣೆಗೂ ಜಗ್ಗಲಿಲ್ಲ.

ನನ್ನ ಕೂಲಿ ಬಿಟ್ಟು ಲೀಟರಿಗೆ ಅರವತ್ತೈದರಿಂದ ಎಪ್ಪತ್ತು ರೂಪಾಯಿ ಬೀಳುತ್ತದೆ. ಮೆಥನಾಲ್ ತುಟ್ಟಿಯಾದ ತಿಂಗಳು ಇನ್ನೂ ಹೆಚ್ಚು. ಶೇ. 20ರ ಬೆರಕೆಯಲ್ಲಿ ಡೀಸೆಲ್‌ಗಿಂತ ಹೆಚ್ಚು ಕುಡಿದದ್ದು ಗಮನಕ್ಕೇ ಬರಲಿಲ್ಲ. ಬರೀ ಬಯೋಡೀಸೆಲ್‌ನಲ್ಲಿ ಸುಮಾರು ಹತ್ತನೆಯ ಒಂದು ಪಾಲು ಹೆಚ್ಚು ಬೇಕಾಯಿತು. ತೊಳೆಯುವಾಗ ನೊರೆ ಕಟ್ಟದಂತೆ ಮೊದಲ ನೀರಿಗೆ ಹಾಕುವ ವಸ್ತುವನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಂಡಿದ್ದೇನೆ. ಕಳೆದ ತಿಂಗಳು ಎಂಜಿನ್ನಿನ ಹೆಡ್ ಬಿಚ್ಚಿಸಿದಾಗ ಪಿಸ್ಟನ್ ಮೇಲೆ ತೆಳುವಾದ ಒಣ ಮಸಿ ಮಾತ್ರ ಇತ್ತು, ಮತ್ತು ಅದನ್ನು ಬಿಚ್ಚಿದವರು ಮಲ್ಪೆಯ ಆ ಇಬ್ಬರು ಮೆಕ್ಯಾನಿಕ್‌ಗಳಲ್ಲಿ ಒಬ್ಬರೇ.