ಗುಡುಗು ಕೇಳಿತೇ? ಗದ್ದೆ ಬಿಟ್ಟು ಹೊರಡಿ

ಭರಣಿ ಮಳೆ ಬಂದರೆ ಧರಣಿಯೆಲ್ಲ ಬೆಳೆ ಅಂತಾರೆ. ಏಪ್ರಿಲ್ ಕೊನೆ, ಮೇ ತಿಂಗಳ ಈ ಮಳೆಗೆ ಮಂಡ್ಯ, ಮೈಸೂರು ಕಡೆಯ ರೈತರು ಕಾದಿರುತ್ತಾರೆ. ಸಿಡಿಲಿನ ಕಾಟವೂ ಇದೇ ದಿನಗಳಲ್ಲಿ. ಬೆಳಗ್ಗೆಯಿಂದ ಕಾದ ನೆಲದ ಬಿಸಿ ಗಾಳಿ ಮೇಲೇರಿ, ಮಧ್ಯಾಹ್ನ ಕಳೆದ ಮೇಲೆ ಮೋಡ ಕಟ್ಟುತ್ತದೆ. ಮೋಡದೊಳಗೆ ಮಂಜಿನ ಹರಳುಗಳು ಒಂದಕ್ಕೊಂದು ಬಡಿದು ಚಾರ್ಜ್ ತುಂಬುತ್ತದೆ. ಅದು ಹರಿಯುವ ದಾರಿಯಲ್ಲಿ ಗಾಳಿ ಸುಮಾರು 30,000 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯುತ್ತದೆ. ಸೂರ್ಯನ ಮೇಲ್ಮೈಗಿಂತ ಐದು ಪಟ್ಟು ಬಿಸಿ! ಆ ಗಾಳಿ ಒಮ್ಮೆಲೇ ಹಿಗ್ಗಿದ ಸದ್ದೇ ಗುಡುಗು.

ಮೊದಲು ಎಣಿಸಿ. ಮಿಂಚು ಕಂಡ ತಕ್ಷಣ ಶುರು ಮಾಡಿ, ಗುಡುಗು ಕೇಳುವವರೆಗೆ ಎಷ್ಟು ಸೆಕೆಂಡ್ ಆಯಿತು ನೋಡಿ. ಮೂರರಿಂದ ಭಾಗಿಸಿದರೆ ಸಿಡಿಲು ಎಷ್ಟು ಕಿಲೋಮೀಟರ್ ದೂರ ಅಂತ ಗೊತ್ತಾಗುತ್ತದೆ. 30 ಸೆಕೆಂಡ್ ಅಂದರೆ 10 ಕಿ.ಮೀ. ಅಷ್ಟು ದೂರದಿಂದಲೂ ಮುಂದಿನ ಸಿಡಿಲು ನಿಮ್ಮ ಗದ್ದೆಗೇ ಬೀಳಬಹುದು. ಎಣಿಸಲು ಆಗಲಿಲ್ಲವೇ? ಗುಡುಗು ಕೇಳಿದ್ದೇ ಸಾಕು, ಹೊರಡಿ. ‘ಹನಿ ಬೀಳಲಿ, ಇನ್ನೊಂದು ಸಾಲು ಕಳೆ ಕಿತ್ತು ಬಿಡೋಣ’ ಅನ್ನುವುದೇ ಅಪಾಯ.

ಎಲ್ಲಿಗೆ ಹೋಗಬೇಕು? ಗಟ್ಟಿ ಮನೆಗೆ, ಇಲ್ಲವೇ ಗಾಜು ಏರಿಸಿದ ಕಾರು, ಬಸ್ಸಿನೊಳಕ್ಕೆ. ಟ್ರ್ಯಾಕ್ಟರ್, ಬೈಕ್, ಬದುವಿನ ಗುಡಿಸಲು ಯಾವುದೂ ಆಗುವುದಿಲ್ಲ. ಪಂಪ್‌ಸೆಟ್ ಸ್ಟಾರ್ಟರ್ ಮುಟ್ಟಬೇಡಿ. ಕೆರೆ, ನಾಲೆಯ ನೀರಿನಲ್ಲಿದ್ದರೆ ಮೇಲೆ ಬನ್ನಿ.

ಮರದ ಕೆಳಗಂತೂ ಬೇಡವೇ ಬೇಡ. ತೆಂಗಿಗೆ ಬಡಿದ ಸಿಡಿಲು ಪಕ್ಕದಲ್ಲಿ ನಿಂತವರಿಗೆ ಹಾರುತ್ತದೆ, ಬುಡದಿಂದ ನೆಲದಲ್ಲೂ ಹರಡುತ್ತದೆ. ಬುಡಕ್ಕೆ ಹತ್ತಿರವಿರುವ ಕಾಲಿಗೂ ದೂರದ ಕಾಲಿಗೂ ವೋಲ್ಟೇಜ್ ಬೇರೆ ಬೇರೆ ಇರುತ್ತದೆ. ಹಾಗಾಗಿ ಕರೆಂಟು ಒಂದು ಕಾಲಿನಿಂದ ಹತ್ತಿ ಇನ್ನೊಂದರಿಂದ ಇಳಿಯುತ್ತದೆ. ಹಸು, ಎಮ್ಮೆಗಳ ಮುಂಗಾಲಿಗೂ ಹಿಂಗಾಲಿಗೂ ಅಂತರ ಜಾಸ್ತಿ, ನಡುವೆ ಎದೆ ಇದೆ. ಮರಕ್ಕೆ ಕಟ್ಟಿದ ದನ ಸಾಯುವುದು ಹೀಗೇ. ಮೋಡ ಕಂಡಾಗಲೇ ಅವನ್ನು ಕೊಟ್ಟಿಗೆಗೆ ಹೊಡೆದುಕೊಂಡು ಹೋಗಿ. ಬಯಲಲ್ಲಿ ಸಿಕ್ಕಿಬಿದ್ದು ಬೇರೆ ದಾರಿಯೇ ಇಲ್ಲದಿದ್ದರೆ ಮರದಿಂದ ದೂರ, ಎರಡೂ ಪಾದ ಜೋಡಿಸಿ ಕುಕ್ಕರಗಾಲಲ್ಲಿ ಕೂರಿ. ಮಲಗಬೇಡಿ. ಇದರಿಂದ ಅಪಾಯ ಸ್ವಲ್ಪ ಕಡಿಮೆಯಾಗುತ್ತದೆ, ಅಷ್ಟೇ.

ಮನೆಯೊಳಗೆ ಟಿ.ವಿ. ಪ್ಲಗ್ ಗುಡುಗಿಗೆ ಮೊದಲೇ ತೆಗೆದಿಡಿ. ನಲ್ಲಿ ನೀರಲ್ಲಿ ಪಾತ್ರೆ ತೊಳೆಯುವುದು, ಸ್ನಾನ ಮಾಡುವುದು ಆಮೇಲಾಗಲಿ. ಕೊನೆಯ ಗುಡುಗು ಕೇಳಿ 30 ನಿಮಿಷ ಆಗುವವರೆಗೆ ಹೊರಗೆ ಬರಬೇಡಿ. ಪುಣೆಯ ಹವಾಮಾನ ವಿಜ್ಞಾನಿಗಳು ರೂಪಿಸಿದ ‘ದಾಮಿನಿ’ ಆ್ಯಪ್ ಹತ್ತಿರದ ಸಿಡಿಲಿನ ಎಚ್ಚರಿಕೆ ಕೊಡುತ್ತದೆ. ಮೊಬೈಲಿನಲ್ಲಿ ಇಟ್ಟುಕೊಳ್ಳಿ.

ಯಾರಿಗಾದರೂ ಸಿಡಿಲು ಬಡಿದರೆ ಮುಟ್ಟಲು ಹೆದರಬೇಡಿ. ಅವರ ಮೈಯಲ್ಲಿ ಕರೆಂಟು ಉಳಿದಿರುವುದಿಲ್ಲ. 108ಕ್ಕೆ ಕರೆ ಮಾಡಿ. ಉಸಿರಿಲ್ಲದಿದ್ದರೆ ಎದೆಯ ನಡುವೆ ಎರಡೂ ಅಂಗೈ ಒಂದರ ಮೇಲೊಂದು ಇಟ್ಟು, ನಿಮಿಷಕ್ಕೆ 100ರಿಂದ 120 ಸಲ ಜೋರಾಗಿ ಒತ್ತಿ. ದೊಡ್ಡವರಿಗೆ ಎದೆ ಎರಡು ಇಂಚಿನಷ್ಟು ಕುಗ್ಗಬೇಕು. ಸುಸ್ತಾದರೆ ಪಕ್ಕದವರು ಮುಂದುವರಿಸಲಿ, ಆಂಬುಲೆನ್ಸ್ ಬರುವವರೆಗೆ ನಿಲ್ಲಿಸಬೇಡಿ.